ಮೇಲೆ ಹೋದದ್ದು ಕೆಳಗೆ ಬರಬೇಕಲ್ಲ!

ರಿಮೋಟ್ ಕಂಟ್ರೋಲ್ ವಿಮಾನ ಹಾರಿಸ್ತೀನಿ ಅಂತ ಆಫೀಸಿನಲ್ಲಿ ಹೇಳಿದರೆ ಬರುವ ಪ್ರಶ್ನೆಗಳು ಎರಡೇ. ‘ಡ್ರೋನಾ?’ ಮತ್ತು ‘ಎಷ್ಟು ದೂರ ಹೋಗುತ್ತೆ?’ ಮೊದಲನೆಯದಕ್ಕೆ ಉತ್ತರ, ಅಲ್ಲ. ಎರಡನೆಯದಕ್ಕೆ, ಅದು ಯಾವ ಕಡೆ ವಾಲಿದೆ ಅಂತ ನನ್ನ ಕಣ್ಣಿಗೆ ಗೊತ್ತಾಗುವಷ್ಟು ದೂರ. ಸರಿಯಾದ ಪ್ರಶ್ನೆ ಕೇಳಿದ್ದು ನಮ್ಮಜ್ಜಿ ಒಬ್ಬಳೇ. ಫೋನಿನಲ್ಲಿ ವಿಡಿಯೊ ನೋಡಿ, ‘ಮೇಲಕ್ಕೇನೋ ಹೋಯ್ತು. ಇಳಿಸೋದು ಹೆಂಗಪ್ಪಾ?’ ಅಂದಳು.

ವಿಷಯ ಇರೋದೇ ಅಲ್ಲಿ. ಕಲಿಯುವವರಿಗೆ ಅಂತಲೇ ಮಾಡಿದ ವಿಮಾನವನ್ನು ಹಾರಿಸೋದು ನಿಜಕ್ಕೂ ಕಷ್ಟವಲ್ಲ. ರೆಕ್ಕೆ ಬೆನ್ನ ಮೇಲಿರುತ್ತೆ, ಎರಡೂ ತುದಿ ಸ್ವಲ್ಪ ಮೇಲಕ್ಕೆ ಬಾಗಿರುತ್ತೆ, ವಾಲಿದರೂ ತಾನೇ ಸಮಕ್ಕೆ ಬರೋ ಸ್ವಭಾವ. ಗಾಳಿಗೆ ಎದುರಾಗಿ ಇಟ್ಟು ಥ್ರಾಟಲ್ ಪೂರ್ತಿ ಕೊಟ್ಟರೆ ಎಂಟ್ಹತ್ತು ಸೆಕೆಂಡಿನಲ್ಲಿ ತೆಂಗಿನ ಮರ ದಾಟಿ ಮೇಲಿರುತ್ತೆ. ಆಮೇಲೆ ಶುರುವಾಗೋದು ನೋಡಿ. ಡ್ರೋನ್ ಆದರೆ ಸ್ಟಿಕ್ ಬಿಟ್ಟು ಮೂಗು ಕೆರೆದುಕೊಳ್ಳಬಹುದು, ಜಿಪಿಎಸ್ ಇದ್ದರೆ ಅದು ಇದ್ದಲ್ಲೇ ನಿಂತಿರುತ್ತೆ. ವಿಮಾನಕ್ಕೆ ನಿಲ್ಲೋದು ಗೊತ್ತೇ ಇಲ್ಲ. ನೀವು ಯೋಚನೆ ಮಾಡುತ್ತಿರುವಾಗಲೂ ಅದು ಎಲ್ಲಿಗೋ ಹೋಗ್ತಾನೇ ಇರುತ್ತೆ. ಬ್ಯಾಟರಿ ಮುಗಿಯೋಕೆ ಎಂಟು ನಿಮಿಷ ಅಂದರೆ ಎಂಟೇ ನಿಮಿಷ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯೋನು, ಊರು ತಿಪಟೂರು. ವಾರಾಂತ್ಯದ ರೈಲಿನಲ್ಲಿ ರೆಕ್ಕೆ ಬಿಚ್ಚಿದ ವಿಮಾನ ಹೊತ್ತು ಊರಿಗೆ ಹೋಗೋದು ಯಾಕೆ ಅಂತ ಸ್ನೇಹಿತರು ಕೇಳ್ತಾರೆ. ಬೆಂಗಳೂರಿನ ನಕ್ಷೆ ನೋಡಿ: ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್, ಎಲ್ಲ ಕಡೆ ನಿಜವಾದ ವಿಮಾನಗಳು ಏರಿ ಇಳಿಯುತ್ತವೆ. 2021ರ ಡ್ರೋನ್ ನಿಯಮಗಳ ಲೆಕ್ಕದಲ್ಲಿ ನಮ್ಮಂಥವರ ಮಾದರಿ ವಿಮಾನಗಳೂ ಬರುತ್ತವೆ. ಆಕಾಶವನ್ನು ಕೆಂಪು, ಹಳದಿ, ಹಸಿರು ಅಂತ ವಿಂಗಡಿಸಿದ್ದಾರೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಅವಕಾಶ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದೊಳಗೆ ಅದು 200 ಅಡಿಗೆ ಇಳಿಯುತ್ತೆ. ಡಿಜಿಟಲ್ ಸ್ಕೈ ತಾಣದಲ್ಲಿ ನಕ್ಷೆ ಇದೆ. ವಿಮಾನ ಕೊಳ್ಳುವ ಮೊದಲು ಅದನ್ನು ನೋಡಿ, ನಿಯಮ ಓದಿಕೊಳ್ಳಿ. ನನಗೆ ಹಸಿರು ಸಿಕ್ಕಿದ್ದು ನಮ್ಮ ಚಿಕ್ಕಪ್ಪನ ರಾಗಿ ಹೊಲದಲ್ಲಿ. ಅದೂ ಕೊಯ್ಲು ಮುಗಿದ ಜನವರಿಯಿಂದ ಮತ್ತೆ ನೇಗಿಲು ಇಳಿಯುವ ತನಕ ಮಾತ್ರ.

ಇನ್ನೊಂದು ಕಾರಣ ಮೇಷ್ಟ್ರು.

ಮೇಷ್ಟ್ರು ನಮ್ಮ ಹಿಂದಿನ ಬೀದಿಯವರು, ಒಂಬತ್ತನೇ ಕ್ಲಾಸಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು. ಈಗ 74 ವರ್ಷ. ಮೈಸೂರಿನಲ್ಲಿ ಓದುವಾಗ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದರು. ಎರಡು ತಂತಿ ಕಟ್ಟಿ ಗುಂಡಗೆ ಸುತ್ತಿಸುವ ವಿಮಾನದಿಂದ ಹಿಡಿದ ಹುಚ್ಚು, ರೇಡಿಯೊ ವಿಮಾನದವರೆಗೂ ಬಂತು. ಅವರ ಮನೆಯ ನಡುಕೋಣೆಯಲ್ಲಿ ತೊಲೆಗೆ ನೇತುಹಾಕಿದ ಬಾಲ್ಸಾ ಮರದ ವಿಮಾನವೊಂದಿದೆ. ಐದಡಿಗೂ ಉದ್ದದ ರೆಕ್ಕೆ, ಒಂದೊಂದು ಅಡ್ಡಪಟ್ಟಿಯನ್ನೂ ಬ್ಲೇಡಿನಿಂದ ಕೊಯ್ದು ಅವರೇ ಕಟ್ಟಿದ್ದು. ಬಾಲ್ಸಾ ದಕ್ಷಿಣ ಅಮೆರಿಕದ ಮರ, ಕೈಗೆತ್ತಿಕೊಂಡರೆ ಮರ ಅನ್ನಿಸೋದಿಲ್ಲ, ಒಣಗಿದ ಸೋರೆಬುರುಡೆ ಹಿಡಿದ ಹಾಗಿರುತ್ತೆ.

ಸಕ್ಕರೆ ಕಾಯಿಲೆ ಅವರ ಕಣ್ಣಿನ ಪರದೆಯನ್ನು ತಿಂದಿದೆ. ಎದುರಿಗೆ ಕೂತವರ ಮುಖ ಕಾಣುತ್ತೆ, ಪೇಪರಿನ ದೊಡ್ಡಕ್ಷರ ಕಾಣುತ್ತೆ, 50 ಮೀಟರ್ ಆಚೆಗಿನ ವಿಮಾನ ಕಾಣಲ್ಲ. ಆರು ವರ್ಷದಿಂದ ಅವರು ಹಾರಿಸಿಲ್ಲ. ಕಳೆದ ವರ್ಷ ಸಂಕ್ರಾಂತಿಗೆ ಎಳ್ಳು ಬೀರೋಕೆ ಅಮ್ಮನ ಜೊತೆ ಹೋದಾಗ ಅವರ ಮನೆಯವರು, ‘ಸುಮ್ನೆ ಧೂಳು ಹಿಡೀತಿದೆ, ಯಾವುದಾದ್ರೂ ಸ್ಕೂಲಿಗೆ ಕೊಟ್ಟುಬಿಡಿ ಅಂದ್ರೆ ಕೇಳಲ್ಲ’ ಅಂದರು. ಮೇಷ್ಟ್ರು ನನ್ನ ಕಡೆ ತಿರುಗಿ, ‘ನೀನು ಕಲಿತ್ಕೊಳಯ್ಯಾ. ಕಲಿತ ಮೇಲೆ ಇದನ್ನ ಒಂದು ಸಲ ಮೇಲೆ ಹಾಕೋಣ. ನನಗೆ ಕೇಳಿಸಿದ್ರೆ ಸಾಕು’ ಅಂದರು.

ಕಲಿಕೆ ಶುರುವಾಗಿದ್ದು ಲ್ಯಾಪ್‌ಟಾಪಿನಲ್ಲಿ. ಟ್ರಾನ್ಸ್‌ಮಿಟರಿಗೆ ಯುಎಸ್‌ಬಿ ಕೇಬಲ್ ಹಾಕಿ ಸಿಮ್ಯುಲೇಟರ್‌ನಲ್ಲಿ ಮೂರು ವಾರ ಬೆರಳು ಪಳಗಿಸಿದೆ. ಇದನ್ನು ಯಾರೂ ತಪ್ಪಿಸಬೇಡಿ, ಉಳಿಯುವ ದುಡ್ಡು ಕಡಿಮೆಯಲ್ಲ. ಅಲ್ಲಿ ವಿಮಾನ ಬಿದ್ದರೆ ಒಂದು ಕೀ ಒತ್ತಿದರಾಯಿತು, ಹೊಸದು ಬಂದು ರನ್‌ವೇ ಮೇಲೆ ನಿಲ್ಲುತ್ತೆ. ಮೇಷ್ಟ್ರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದವರು, ‘ಆ ಕೀ ನಿಮ್ಮ ಚಿಕ್ಕಪ್ಪನ ಹೊಲದಲ್ಲಿ ಎಲ್ಲಿದೆ?’ ಅಂದರು.

ನನ್ನ ಮೊದಲ ವಿಮಾನ ಫೋಮಿನದು. 1.2 ಮೀಟರ್ ರೆಕ್ಕೆ, ಮೂರು ಚಕ್ರ, ಒಂದು ಕಿಲೋಗೂ ಕಡಿಮೆ ತೂಕ. ಬಿಡಿಭಾಗಗಳೆಲ್ಲ ಎಸ್‌.ಪಿ. ರಸ್ತೆಯಲ್ಲಿ ಅಲೆದಾಡಿ ತಂದದ್ದು. ನಾಲ್ಕು ಸರ್ವೊ, ಒಂದು ಬ್ರಷ್‌ಲೆಸ್ ಮೋಟರ್, 2200 ಮಿಲಿಆಂಪ್-ಅವರ್‌ನ ಮೂರು ಸೆಲ್ಲಿನ ಲಿಪೊ ಬ್ಯಾಟರಿ. ಈ ಬ್ಯಾಟರಿಗಳ ಬಗ್ಗೆ ಒಂದು ಮಾತು: ಚಾರ್ಜ್‌ಗೆ ಹಾಕಿ ಮಲಗಬೇಡಿ, ಊದಿಕೊಂಡದ್ದನ್ನು ಬಳಸಬೇಡಿ, ಬೆಂಕಿ ಹತ್ತಿಕೊಂಡರೆ ಸುಲಭಕ್ಕೆ ಆರೋದಿಲ್ಲ. ಥರ್ಮಾಕೋಲ್ ವಿಮಾನ ಮಾಡುವವರಿಗೆ ಇನ್ನೊಂದು ಮಾತು. ಸೂಪರ್ ಗ್ಲೂ ಹಾಕಿದರೆ ಅದು ಅಂಟೋದಿಲ್ಲ, ಕರಗಿಹೋಗುತ್ತೆ.

ಹೊಲದಲ್ಲಿ ಕೂಳೆ ಕಿತ್ತು, ಹಲಗೆ ಹೊಡೆಸಿ, 60 ಮೀಟರ್ ಉದ್ದದ ಪಟ್ಟಿ ಮಾಡಿಕೊಂಡೆವು. ಪೂರ್ವ ಪಶ್ಚಿಮವಾಗಿ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಬೀಸೋದು ಹೆಚ್ಚಾಗಿ ಮೂಡಲಿಂದ. ಏರೋದೂ ಇಳಿಯೋದೂ ಗಾಳಿಗೆ ಎದುರಾಗಿಯೇ ಆಗಬೇಕು. ಕಾಗೆಯನ್ನು ಗಮನಿಸಿ, ಅದೂ ಹಾಗೇ ಇಳಿಯೋದು. ಪಟ್ಟಿಯ ಪಡುವಣ ತುದಿಯಿಂದ ನೂರು ಮೀಟರ್ ಆಚೆ ತೆಂಗಿನ ತೋಟ. ಆ ತೋಟ ಈ ಕಥೆಯಲ್ಲಿ ಮತ್ತೆ ಬರುತ್ತೆ.

ಸಾಮಾನ್ಯವಾಗಿ ಗುರುವಿನ ಕೈಯಲ್ಲೂ ಒಂದು ಟ್ರಾನ್ಸ್‌ಮಿಟರ್ ಇರುತ್ತೆ, ಶಿಷ್ಯನ ಕೈ ಮೀರಿದರೆ ಸ್ವಿಚ್ ಬಿಟ್ಟು ಅವರು ಹಿಡಿದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಆಗುವಂತಿರಲಿಲ್ಲ. ಹಿಡಿದುಕೊಂಡು ಮೇಷ್ಟ್ರು ನೋಡೋದೇನನ್ನು? ಅದಕ್ಕೆ ಅವರು ಬೇರೆ ದಾರಿ ಮಾಡಿದರು. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನನ್ನ ಎಡಕ್ಕೆ ಕೂರುತ್ತಿದ್ದರು. ನಾನು ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಬೇಕು. ‘ಎಡಕ್ಕೆ ಹೋಗ್ತಿದೆ. ಮರದ ಎರಡರಷ್ಟು ಎತ್ತರ. ಒಳಗಿನ ರೆಕ್ಕೆ ತಗ್ಗಿದೆ.’ ನಾನು ಒಂದು ಕ್ಷಣ ಸುಮ್ಮನಾದರೂ, ‘ಏನಾಯ್ತು? ಹೇಳು’ ಅನ್ನುತ್ತಿದ್ದರು. ಮೊದಲ ದಿನ ಕ್ರಿಕೆಟ್ ಕಾಮೆಂಟರಿ ಹೇಳೋನ ಥರ ನಾಚಿಕೆಯಾಗಿತ್ತು. ಮೂರನೇ ವಾರಕ್ಕೆ ಅರ್ಥವಾಯಿತು, ಹೇಳೋಕೆ ಬಾರದ್ದನ್ನು ನಾನು ಸರಿಯಾಗಿ ನೋಡಿಯೇ ಇರುತ್ತಿರಲಿಲ್ಲ.

ಎಡ ಬಲದ ಗೊಂದಲ ಎಲ್ಲರಿಗೂ ಗೊತ್ತಿರುವುದೇ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲ ನಮ್ಮ ಬಲ. ನಮ್ಮ ಕಡೆ ತಿರುಗಿ ಬರುವಾಗ ಅದರ ಬಲ ನಮ್ಮ ಎಡ. ಇಳಿಯುವಾಗ ಅದು ನಮ್ಮ ಕಡೆಗೇ ಬರಬೇಕು, ಕಷ್ಟ ಅದು. ತಲೆಯಲ್ಲೇ ವಿಮಾನದೊಳಗೆ ಕೂತು ಲೆಕ್ಕ ಹಾಕೋಕೆ ಹೋದರೆ ಅಷ್ಟರಲ್ಲಿ ನೆಲ ಬಂದಿರುತ್ತೆ. ಮೇಷ್ಟ್ರ ಉಪಾಯ ಸರಳ. ‘ಎಡ ಬಲ ಮರೆತುಬಿಡು. ನಿನ್ನ ಕಣ್ಣಿಗೆ ಯಾವ ರೆಕ್ಕೆ ತಗ್ಗಿ ಕಾಣುತ್ತೋ ಆ ಕಡೆಗೆ ಸ್ಟಿಕ್ ತಳ್ಳು. ಬೀಳೋ ಗೋಡೆಗೆ ಊರುಗೋಲು ಕೊಟ್ಟ ಹಾಗೆ.’ ಎದುರಿಗೆ ಬರುವ ವಿಮಾನಕ್ಕೆ ಇದು ಪ್ರತಿಸಲವೂ ಸರಿ. ಇದನ್ನೇ ಹತ್ತು ವಿಡಿಯೊಗಳಲ್ಲಿ ನೋಡಿದ್ದೆ. ಕೈಗೆ ಇಳಿದದ್ದು ಊರುಗೋಲು ಅಂದಾಗ.

ಈಗ ಇಳಿಸುವ ವಿಷಯ. ನೆಲ ಮುಟ್ಟುವ ಆ ಎರಡು ಸೆಕೆಂಡನ್ನು ನಾವು ಲ್ಯಾಂಡಿಂಗ್ ಅಂದುಕೊಂಡಿರ್ತೀವಿ. ಮೇಷ್ಟ್ರ ಪ್ರಕಾರ ಲ್ಯಾಂಡಿಂಗ್ ಶುರುವಾಗೋದು ವಿಮಾನ ಇನ್ನೂ ಗಾಳಿಯ ಜೊತೆಗೇ, ಅಂದರೆ ಪಡುವಣಕ್ಕೆ ಹೋಗುತ್ತಿರುವಾಗ. ಪಟ್ಟಿಗೆ ಸಮಾನಾಂತರವಾಗಿ, ನಮ್ಮೆದುರಿಗೆ ಹಾಯುವಾಗಲೇ ಅದರ ಎತ್ತರ ಸರಿಯಾಗಿರಬೇಕು. ಅಲ್ಲಿಂದ ಥ್ರಾಟಲ್ ತಗ್ಗಿಸಿ, ಒಂದು ತಿರುವು, ಇನ್ನೊಂದು ತಿರುವು, ಆಮೇಲೆ ಪಟ್ಟಿಗೆ ನೇರ. ಮೊದಲ ತಿರುವಿನಲ್ಲಿ ಎತ್ತರ ಹೆಚ್ಚಾಗಿದ್ದರೆ ಕೊನೆಯಲ್ಲಿ ಅದನ್ನು ಯಾರೂ ಸರಿಮಾಡಲಾರರು. ಪಟ್ಟಿ ಮುಗಿದರೂ ವಿಮಾನ ತೇಲುತ್ತಲೇ ಇರುತ್ತೆ.

ಎರಡನೆಯದು ಮನಸ್ಸು ಒಪ್ಪದ ಮಾತು. ವಿಮಾನ ಇಳಿಯುತ್ತಿದೆ, ಪಟ್ಟಿಗೆ ತಲುಪಲ್ಲ ಅನ್ನಿಸುತ್ತೆ. ಎಲಿವೇಟರ್ ಹಿಂದಕ್ಕೆಳೆದು ಮೂಗು ಎತ್ತೋಣ ಅಂತ ಹೆಬ್ಬೆರಳು ತಾನಾಗಿ ಹೋಗುತ್ತೆ. ಮೂಗು ಎತ್ತಿದರೆ ವೇಗ ಸಾಯುತ್ತೆ. ವೇಗ ಸತ್ತರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ, ಒಂದು ರೆಕ್ಕೆ ದಡಕ್ಕನೆ ತಗ್ಗುತ್ತೆ. ಇದೇ ಸ್ಟಾಲ್. 200 ಅಡಿ ಎತ್ತರದಲ್ಲಿ ಇದು ತಮಾಷೆ, ಚೇತರಿಸಿಕೊಳ್ಳಲು ಜಾಗವಿದೆ. 20 ಅಡಿಯಲ್ಲಿ ವಿಮಾನ ಉಳಿಯೋಲ್ಲ. ಇಳಿಯುವಾಗ ಎತ್ತರಕ್ಕೆ ಥ್ರಾಟಲ್, ವೇಗಕ್ಕೆ ಎಲಿವೇಟರ್ ಅಂತ ಹೇಳಿಕೊಡೋದು ಇದಕ್ಕೇ. ಎತ್ತರ ಸಾಲದೇ ಬಂದರೆ ಸ್ವಲ್ಪ ಥ್ರಾಟಲ್. ಮೂಗು ಮಾತ್ರ ಇದ್ದಷ್ಟೇ ಕೆಳಗೆ. ನೆಲಕ್ಕೆ ಎರಡು ಮೂರು ಅಡಿ ಇದ್ದಾಗ ಥ್ರಾಟಲ್ ಪೂರ್ತಿ ತೆಗೆದು, ಬೆಣ್ಣೆ ಮುಟ್ಟಿದ ಹಾಗೆ ಎಲಿವೇಟರ್ ಹಿಂದಕ್ಕೆ. ಹಿಂದಿನ ಎರಡು ಚಕ್ರ ಮೊದಲು ಮುಟ್ಟಬೇಕು, ಮೂಗಿನ ಚಕ್ರ ಆಮೇಲೆ.

ಮೇಷ್ಟ್ರು ಇದೆಲ್ಲವನ್ನೂ ಕಿವಿಯಲ್ಲೇ ನೋಡುತ್ತಿದ್ದರು. ಪ್ರೊಪೆಲ್ಲರ್ ಸದ್ದು ಏರಿದರೆ ‘ಮೂಗು ಕೆಳಗೆ ಹೋಯ್ತಲ್ಲ’ ಅನ್ನೋರು. ಥ್ರಾಟಲ್ ತೆಗೆದ ಮೇಲೆ ರೆಕ್ಕೆಯ ಸುಯ್ಯೆನ್ನುವ ಸದ್ದು ತೆಳುವಾದರೆ ‘ವೇಗ, ವೇಗ’ ಅನ್ನೋರು. ಚಕ್ರ ಮುಟ್ಟಿದ ಸದ್ದಿನಲ್ಲಿ ಎಷ್ಟು ಸಲ ಪುಟಿಯಿತು ಅಂತ ಎಣಿಸೋರು. ಏನೇ ಅನುಮಾನ ಬಂದರೂ ಥ್ರಾಟಲ್ ಕೊಟ್ಟು ಮತ್ತೊಂದು ಸುತ್ತು ಹೋಗಬಹುದು, ಅದರಲ್ಲಿ ಅವಮಾನ ಇಲ್ಲ ಅನ್ನೋದು ಅವರ ಖಾಯಂ ಮಾತು. ನಿಜವಾದ ಪೈಲಟ್‌ಗಳೂ ಮಾಡೋದು ಅದನ್ನೇ. ಆರು ನಿಮಿಷಕ್ಕೆ ಅಲಾರಂ ಇಟ್ಟಿರುತ್ತಿದ್ದೆವು, ಎರಡು ಸುತ್ತಿಗಾಗುವಷ್ಟು ಬ್ಯಾಟರಿ ಮಿಕ್ಕಿರಲಿ ಅಂತ.

ಒಂದು ವಿಷಯದಲ್ಲಿ ಮಾತ್ರ ಅವರ ಜೊತೆ ನನಗೆ ಜಗಳ. ತೆಂಗಿನ ತೋಟದ ಮೇಲೆ ಹಾಯ್ದು ಆಚೆಯಿಂದ ತಿರುಗಿಸಿಕೊಂಡು ಬಂದರೆ ಬೇಕಾದಷ್ಟು ಜಾಗ ಸಿಗುತ್ತೆ, ಆರಾಮಾಗಿ ಇಳಿಸಬಹುದು. ಮೇಷ್ಟ್ರು ಬಿಡಲೇ ಇಲ್ಲ. ‘ತೋಟದ ಈಚೆಗೇ ತಿರುಗಿಸು’ ಅಂತ ಒಂದೇ ಹಟ. ಮೋಟರ್ ಆರಿಸಿ ಇಳಿಸೋದನ್ನೂ ಹತ್ತನೇ ಹಾರಾಟದಿಂದಲೇ ಶುರು ಮಾಡಿಸಿದರು. ಬ್ಯಾಟರಿ ವಿಮಾನಕ್ಕೆ ಇದೆಲ್ಲ ಯಾಕೆ ಸಾರ್ ಅಂದರೆ ಉತ್ತರವೇ ಇಲ್ಲ.

ತೋಟದ ಬಗ್ಗೆ ಹೇಳಬೇಕು. ಅರಸೀಕೆರೆ ಕಡೆಯ ಕಾಲೇಜು ಹುಡುಗನೊಬ್ಬ ಒಂದು ಭಾನುವಾರ ತನ್ನ ವಿಮಾನ ತಂದಿದ್ದ. ಗಾಳಿ ಜೋರಾಗಿ ಅದು ನೆಟ್ಟಗೆ ಹೋಗಿ ತೆಂಗಿನ ಗರಿಗಳ ನಡುವೆ ಕೂತಿತು. ದೋಟಿ ಸಾಲದು, ಮರ ಹತ್ತುವವರೇ ಬರಬೇಕು. ಬಂದವರು ಮೇಲೆ ಕೆಳಗೆ ನೋಡಿ, ‘ಕಾಯಾದ್ರೆ ಬೀಳಿಸಿಬಿಡಬಹುದು, ಇದನ್ನ ಎತ್ತಿಕೊಂಡು ಇಳೀಬೇಕಲ್ಲ, ಡಬಲ್ ಆಗುತ್ತೆ’ ಅಂದರು. ನ್ಯಾಯವಾಗಿಯೇ ಇತ್ತು, ಹುಡುಗ ಕೊಟ್ಟ. ಅವತ್ತಿನಿಂದ ಆ ಯಜಮಾನರು ನಾವು ಬಂದರೆ ಬೀಡಿ ಹಚ್ಚಿಕೊಂಡು ಬದುವಿನ ಮೇಲೆ ಕೂರ್ತಾರೆ. ವ್ಯಾಪಾರದ ಆಸೆಯೋ ಪ್ರೀತಿಯೋ, ಕೇಳಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಮೇಷ್ಟ್ರು ತಾವಾಗಿಯೇ, ‘ತೊಲೆಯಿಂದ ಇಳಿಸು’ ಅಂದರು.

ಬಾಲ್ಸಾ ವಿಮಾನದ್ದು ಬೇರೆಯೇ ಲೋಕ. ತೂಕ ಎರಡೂವರೆ ಕಿಲೋ. ಮೋಟರ್ ಅಲ್ಲ, 6.5 ಸಿಸಿ ಗ್ಲೋ ಎಂಜಿನ್. ಮೆಥನಾಲ್, ಹರಳೆಣ್ಣೆ, ಒಂಚೂರು ನೈಟ್ರೋಮೀಥೇನ್ ಸೇರಿಸಿದ ಇಂಧನ. ಹಳೆಯ ರೇಡಿಯೊ ತೆಗೆದು 2.4 ಗಿಗಾಹರ್ಟ್ಸ್‌ನ ರಿಸೀವರ್ ಹಾಕಿದೆ. ಹಿಂದೆಲ್ಲ ಒಂದೇ ಚಾನೆಲ್‌ನಲ್ಲಿ ಇಬ್ಬರು ಸ್ವಿಚ್ ಹಾಕಿದರೆ ಮೇಲಿದ್ದ ವಿಮಾನದ ಕಥೆ ಮುಗೀತಿತ್ತಂತೆ. ಹೊಸ ರೇಡಿಯೊಗಳಲ್ಲಿ ಆ ಭಯ ಇಲ್ಲ. ಎಂಜಿನ್ ತೆಗೆದು ಮೋಟರ್ ಕೂರಿಸೋಣ, ಎಂಜಿನ್ ಹಳೆಯದು, ನಡುವೆ ನಿಂತರೆ ಕಷ್ಟ ಅಂದೆ. ‘ಮೋಟರ್ ಹಾಕಿದ್ರೆ ನನಗೇನು ಕೇಳಿಸುತ್ತೆ?’ ಅಂದರು. ಆ ಮಾತಿಗೆ ನಾನು ಏನು ಹೇಳಲಿ.

ಅವತ್ತು ಬೆಳಿಗ್ಗೆ ಏಳಕ್ಕೇ ಹೊಲದಲ್ಲಿದ್ದೆವು. ಮಂಜು ಸರಿದಿತ್ತು, ಗಾಳಿ ಮೂಡಲಿಂದ ಮೆಲ್ಲಗೆ. ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ತೂಕ ನೋಡಿದೆವು. ರೆಕ್ಕೆಯ ಮುಂಚಿನಿಂದ ಮೂರನೇ ಒಂದು ಭಾಗದಷ್ಟು ಹಿಂದೆ ಬೆರಳಿಟ್ಟರೆ ವಿಮಾನ ಸಮ ನಿಲ್ಲಬೇಕು, ಅಥವಾ ಮೂಗು ಕೊಂಚ ತಗ್ಗಬೇಕು. ಏಲೆರಾನ್, ಎಲಿವೇಟರ್, ರಡ್ಡರ್ ಎಲ್ಲ ಸರಿಯಾದ ಕಡೆಗೇ ತಿರುಗುತ್ತವೆಯೇ ಅಂತ ಮೇಷ್ಟ್ರು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿದರು. ಪ್ಲಗ್‌ಗೆ ಬ್ಯಾಟರಿ ಕೊಟ್ಟು ಕೋಲಿನಿಂದ ಪ್ರೊಪೆಲ್ಲರ್ ತಟ್ಟಿದಾಗ ನಾಲ್ಕನೇ ಏಟಿಗೆ ಎಂಜಿನ್ ಹತ್ತಿಕೊಂಡಿತು. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು, ಬೆರಳು ಕೊಟ್ಟರೆ ಬೆರಳೇ ಹೋದೀತು. ಮೇಷ್ಟ್ರು ಹಿಂದೆ ಮಂಡಿಯೂರಿ, ತಲೆ ವಾರೆ ಮಾಡಿ, ಸದ್ದು ಕೇಳುತ್ತಾ ನೀಡಲ್ ತಿರುಗಿಸಿದರು. ಹರಳೆಣ್ಣೆ ಹೊಗೆಯ ವಾಸನೆ ಹೊಲದ ತುಂಬ. ‘ಹೂಂ, ಬಿಡು’ ಅಂದರು.

ಫೋಮಿನ ವಿಮಾನ ಗಾಳಿಗೆ ನಡುಗುತ್ತಾ ಹೋಗುತ್ತೆ. ಇದು ಎತ್ತಿನ ಗಾಡಿ ದಾರಿ ಹಿಡಿದ ಹಾಗೆ ಗಂಭೀರವಾಗಿ ಏರಿತು. ನಾನು ಹೇಳುತ್ತಾ ಹೋದೆ. ಎತ್ತರ, ದಿಕ್ಕು, ರೆಕ್ಕೆ. ಮೇಷ್ಟ್ರು ‘ಹೂಂ, ಹೂಂ’ ಅನ್ನುತ್ತಾ ಅದು ಹೋದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದರು. ನೋಡಿದವರು ಇವರಿಗೆ ಕಾಣುತ್ತೆ ಅಂತಲೇ ಅಂದುಕೊಳ್ಳಬೇಕು. ಎರಡು ದೊಡ್ಡ ಸುತ್ತು, ಒಂದು ಎಂಟರ ಆಕಾರ. ಮೂರನೇ ಸುತ್ತಿನಲ್ಲಿ, ನಮ್ಮೆದುರಿಗೆ ಪಡುವಣಕ್ಕೆ ಹೋಗುತ್ತಿದ್ದಾಗ, ಸದ್ದು ಒಮ್ಮೆ ಕೀರಲಾಗಿ ನಿಂತೇ ಹೋಯಿತು.

‘ಎಲ್ಲಿದೆ?’

‘ನಮ್ಮೆದುರಿಗೇ ಸಾರ್. ತೋಟದ ಕಡೆ ಹೋಗ್ತಿದೆ. ಮರದ ಎರಡೂವರೆಯಷ್ಟು.’

‘ಮೂಗು ಇಳಿಸು. ಈಚೆಗೇ ತಿರುಗಿಸು.’

ಇಳಿಸಿದ್ದೆ. ತಿರುಗಿಸುತ್ತಿದ್ದೆ. ಇದು ಧೈರ್ಯವೇನಲ್ಲ. ಒಂದು ವರ್ಷದಿಂದ ಪ್ರತಿ ಭಾನುವಾರ ನನ್ನ ಹೆಬ್ಬೆರಳು ಮಾಡಿದ್ದೇ ಅದು, ತೋಟದ ಆಚೆಯ ದಾರಿ ಅದಕ್ಕೆ ಗೊತ್ತಿರಲೇ ಇಲ್ಲ. ಎರಡೂವರೆ ಕಿಲೋ ವಿಮಾನ ಎಂಜಿನ್ ಇಲ್ಲದೆ ತಿರುಗುವಾಗ ಎಷ್ಟು ಎತ್ತರ ಕಳೆದುಕೊಳ್ಳುತ್ತೆ ಅನ್ನೋದನ್ನು ಮಾತ್ರ ಆ ದಿನವೇ ನೋಡಿದ್ದು. ಗರಿಗಳ ಪಕ್ಕದಲ್ಲೇ ಹಾದು ಬಂತು. ಬದುವಿನ ಮೇಲಿದ್ದ ಯಜಮಾನರು ಎದ್ದು ನಿಂತರು. ಎರಡನೇ ತಿರುವು ಮುಗಿದಾಗ ಪಟ್ಟಿ ನೇರಕ್ಕೆ ಇತ್ತು, ಆದರೆ ದೂರ ಇತ್ತು. ಹೆಬ್ಬೆರಳು ಹಿಂದಕ್ಕೆಳೀತೀನಿ ಅನ್ನುತ್ತಿತ್ತು. ಬಲಗಡೆ ರೆಕ್ಕೆ ತಗ್ಗಿತು, ಊರುಗೋಲು ಕೊಟ್ಟೆ.

ಆ ಹೊತ್ತಿಗೆ ನಾನು ಮಾತು ನಿಲ್ಲಿಸಿದ್ದೆ. ‘ಹೇಳು’ ಅಂತ ಮೇಷ್ಟ್ರೂ ಅನ್ನಲಿಲ್ಲ. ಎಂಜಿನ್ ಸದ್ದಿಲ್ಲದೆ ಅವರಿಗೆ ಹಿಡಿದುಕೊಳ್ಳೋಕೆ ಏನೂ ಇರಲಿಲ್ಲ. ಕುರ್ಚಿಯ ಎರಡೂ ಕೈ ಹಿಡಿದು ನೆಟ್ಟಗೆ ಕೂತಿದ್ದರಂತೆ, ಆಮೇಲೆ ಚಿಕ್ಕಪ್ಪ ಹೇಳಿದ್ದು. ಪಟ್ಟಿಯ ಅಂಚಿನಲ್ಲಿ, ಕೂಳೆ ಇನ್ನೂ ಉಳಿದಿರುವ ಜಾಗದಲ್ಲಿ ಹಿಂದಿನ ಚಕ್ರಗಳು ಮುಟ್ಟಿದವು. ಕರಕರ ಅಂತ ಕೂಳೆ ಮುರಿದ ಸದ್ದು, ಆಮೇಲೆ ಗಟ್ಟಿ ಮಣ್ಣಿನ ಮೇಲೆ ಉರುಳಿದ ಸದ್ದು.

‘ಒಂದೇ ಸಲ’ ಅಂದರು ಮೇಷ್ಟ್ರು.

ನನ್ನ ಹೆಗಲು ಹಿಡಿದು ವಿಮಾನದ ತನಕ ನಡೆದು ಬಂದರು. ರೆಕ್ಕೆಯ ಮುಂಚನ್ನು ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು, ಮೂಗಿನ ಚಕ್ರದ ತಂತಿ ಬಗ್ಗಿದೆಯೇ ಅಂತ ನೋಡಿದರು, ಪಕ್ಕೆಯ ಮೇಲಿನ ಹರಳೆಣ್ಣೆಯನ್ನು ಪಂಚೆಯ ಚುಂಗಿನಿಂದ ಒರೆಸಿದರು. ಎಂಜಿನ್ ಬಿಸಿಯಿದೆ ಸಾರ್, ಮುಟ್ಟಬೇಡಿ ಅಂದೆ. ‘ಗೊತ್ತು ಕಣಯ್ಯಾ. ಟ್ಯಾಂಕಿನಲ್ಲಿ ಎಷ್ಟಿದೆ ನೋಡು.’

‘ಅರ್ಧ ಇದೆ ಸಾರ್.’

‘ಹಾಗಾದ್ರೆ ನೀಡಲ್ ಬಿಗಿಯಾಗಿದೆ, ಮೇಲೆ ಹೋದ ಮೇಲೆ ಎಣ್ಣೆ ಸಾಲ್ತಿಲ್ಲ. ಎರಡು ಕ್ಲಿಕ್ ಬಿಚ್ಚು. ಬಿಸಿಲೇರೋದ್ರೊಳಗೆ ಇನ್ನೊಂದು ಸಲ ಹಾಕೋಣ.’